ಯಾರಿಗೂ ಬೇಡದ ತೂತು

ದೊಡ್ಡ ಕಂಪನಿಯೊಂದರ ಖರೀದಿ ಕೋಣೆಯ ಹೊರಗೆ ಚಾರ್ಜರ್ ತಯಾರಿಸುವ ಅಕ್ಕ-ತಮ್ಮ ಕೂತಿದ್ದರು. ಪಕ್ಕದ ರಟ್ಟಿನ ವ್ಯಾಪಾರಿಯ ಕಣ್ಣು ಪೇಪರಿನಲ್ಲಿತ್ತು, ಕಿವಿ ಇತ್ತ ಇತ್ತು. ಒಳಗೆ ಹೋಲಿಸಿ ತೋರಿಸಲು ತಂದಿದ್ದ ಎದುರಾಳಿಯ ಅಗ್ಗದ ಚಾರ್ಜರ್ ಬಿಚ್ಚಿದ ತಮ್ಮ ಬಿಳಿಚಿಕೊಂಡ.

“ಅಕ್ಕಾ, ಇದರಲ್ಲೂ ಆ ತೂತಿದೆ.”

“ಯಾವುದೋ?”

“ನಾನು ಅಳತೆ ತಪ್ಪಿ ಕೊರೆಸಿದ್ದು. ಯಾವ ಸ್ಕ್ರೂಗೂ ಬೇಡದ್ದು. ನಮ್ಮ ಅಚ್ಚನ್ನ ಯಾರೋ ಕದ್ದಿದ್ದಾರೆ.”

“ಯಾರೂ ಕದ್ದಿಲ್ಲ. ನೀನು ಮಾರೋಕೆ ಅಲೀತಿದ್ದಾಗ ನಾನೇ ನಮ್ಮ ಅಚ್ಚಲ್ಲಿ ಅವರಿಗೂ ಚಾರ್ಜರ್ ಮಾಡಿಕೊಟ್ಟೆ.”

“ಬೇಲಿನೇ ಎದ್ದು ಹೊಲ ಮೇಯೋದಾ?”

“ಅವರ ಕೆಲಸ ಇರೋದಕ್ಕೇ ಕಣೋ ನಮ್ಮ ಬಾಗಿಲು ತೆರೆದಿರೋದು.”

ತಮ್ಮ ಬಿಚ್ಚಿದ ಚಾರ್ಜರನ್ನು ತಿರುಗಿಸಿ ನೋಡಿದ.

“ಈಗ ಒಳಗೆ ಹೋಗಿ ಇದು ಕಳಪೆ ಅಂತ ಹೇಗೆ ಹೇಳಲಿ?”

ಒಳಗಿನಿಂದ ಕರೆ ಬಂತು.

“ಹೇಳು. ತೀರಾ ಬೈಬೇಡ. ಆರ್ಡರ್ ಅವರಿಗೆ ಸಿಕ್ರೂ ಮಾಡೋರು ನಾವೇ.”

ತಮ್ಮ ಎದುರಾಳಿಯ ಚಾರ್ಜರಿಗೆ ಜೋಪಾನವಾಗಿ ಮುಚ್ಚಳ ಹಾಕಿ, ಅಕ್ಕನ ಹಿಂದೆ ನಡೆದ.