ಗೌರಿಗಾಗಿ ಒಯ್ದ ಸೀರೆ

ನನ್ನ ಹೆಸರು ಚಲುವಮ್ಮ, ವಯಸ್ಸು 38 ವರ್ಷ, ಕಸುಬು ವ್ಯವಸಾಯ, ವಾಸ ನನ್ನ ತಮ್ಮನಾದ ಕುಮಾರನ ಮನೆ, ಶೀಳನೆರೆ, ಕೆ.ಆರ್.ಪೇಟೆ ತಾಲ್ಲೂಕು. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಪಾಲಹಳ್ಳಿಯ ಚಿಕ್ಕಸ್ವಾಮಿಯವರೊಂದಿಗೆ ನಾನು ಹದಿನೆಂಟು ವರ್ಷ ಸಂಸಾರ ಮಾಡಿದೆ. ಮಕ್ಕಳಿಲ್ಲ. ಇಬ್ಬರದೂ ಬಾಯಿ ಜೋರು. ಕಳೆದ ಯುಗಾದಿ ಆದಮೇಲೆ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆದೆವು. ಮನೆ ಮತ್ತು ಗೌರಿ ಎಂಬ ಸೀಮೆಹಸು ಅವರಿಗೆ, ಒಡವೆ, ಪಾತ್ರೆ ನನಗೆ ಎಂದು ಪಾಲಾಯಿತು. ಡೈರಿಗೆ ಹಾಲು ಹಾಕಿ ಬಂದ ಹಣದಲ್ಲಿ ಅವರು ನನಗೆ ತಿಂಗಳಿಗೊಮ್ಮೆ ಜೀವನಾಂಶ ಕೊಡಬೇಕೆಂದೂ ತೀರ್ಮಾನವಾಯಿತು. ಗೌರಿಯನ್ನು ಕರುವಿನಿಂದ ಸಾಕಿ, ಹಾಲು ಕರೆಯುತ್ತಿದ್ದವಳು ನಾನು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಜೀವನಾಂಶ ಬರುವುದು ನಿಂತದ್ದರಿಂದ ತಮ್ಮನಿಗೆ ಅವರ ಮೇಲೆ ಸಿಟ್ಟಿತ್ತು. ಹೀಗಿರುವಾಗ ದಿನಾಂಕ 12-11-1996 ರಂದು ಬೆಳಿಗ್ಗೆ ಸುಮಾರು 11 ಗಂಟೆಗೆ ನಾನು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕಿ, ಒಳಗೆ ಮುದ್ದೆ ಕಟ್ಟುತ್ತಿದ್ದೆ. ಗಲಾಟೆ ಕೇಳಿ ಹಿತ್ತಿಲಿಗೆ ಬಂದು ನೋಡಲಾಗಿ, ತಮ್ಮನು ಚಿಕ್ಕಸ್ವಾಮಿಯವರ ರಟ್ಟೆ ಹಿಡಿದು ನಿಂತಿದ್ದನು. ಅವರ ಕಂಕುಳಲ್ಲಿ ನನ್ನ ನೀಲಿ ಸೀರೆ ಇತ್ತು. ಅಕ್ಕನ್ನ ಬುಟ್ಟು ಈಗ ಸೀರೆ ಕದಿಯಕ್ಕೆ ಬಂದಿದ್ದೀಯಾ ಭಾವ ಎಂದು ತಮ್ಮನು ಕೇಳಿದನು. ಅದಕ್ಕೆ ಅವರು, ಕದಿಯಕ್ಕಲ್ಲ ಕಣ್ಲಾ, ಇವ್ಳು ಮನೆ ಬುಟ್ಟು ಬಂದಾಗಿಂದ ಗೌರಿ ಸರ್ಯಾಗಿ ಕೆಚ್ಚಲು ಮುಟ್ಟಕ್ಕೆ ಬುಡ್ತಿಲ್ಲ, ಈ ಸೀರೆ ಸುತ್ಕಂಡು ಕೂತ್ರಾದ್ರೂ ಹಾಲು ಕೊಟ್ಟಾತು ಅಂತ ಬಂದೆ ಎಂದರು.

ಕರೆಯುವ ಕೈ ಬದಲಾದರೆ ಕೆಲವು ಹಸು ಒದೆಯುತ್ತವೆ. ಮೊದಲು ಕರೆಯುತ್ತಿದ್ದವರ ಸೀರೆ ಹೊದ್ದು ಕೂತರೆ ಸುಮ್ಮನೆ ನಿಲ್ಲುವುದುಂಟು. ಇದು ಹಸು ಕಟ್ಟಿದವರಿಗೆಲ್ಲ ಗೊತ್ತು. ನನ್ನನ್ನೇ ಕೇಳಬಹುದಿತ್ತಲ್ಲ ಎಂದಿದ್ದಕ್ಕೆ, ಯಾವ ಮುಖ ಇಟ್ಕಂಡು ಕೇಳ್ಲಿ ಚಲುವಿ ಎಂದರು. ಅವರ ಮೊಣಕಾಲು ಬಾತುಕೊಂಡಿತ್ತು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಮ್ಮನು ನನ್ನ ಮಾತು ಕೇಳದೆ ಅವರನ್ನು ಠಾಣೆಗೆ ಎಳೆತಂದು ಕಳ್ಳತನದ ದೂರು ಕೊಟ್ಟಿರುತ್ತಾನೆ.

ಸೀರೆ ನನ್ನದು. ನನಗೆ ಅವರ ಮೇಲೆ ದೂರಿಲ್ಲ. ಅವರನ್ನು ಒಳಗೆ ಕೂರಿಸಬಾರದೆಂದು ಕೇಳಿಕೊಳ್ಳುತ್ತೇನೆ. ಆದರೆ ಅವರು ತೆಗೆದುಕೊಂಡದ್ದು ಒಗೆದು ಹಾಕಿದ್ದ ಸೀರೆ. ಸೋಪಿನ ವಾಸನೆಗೆ ಗೌರಿ ಮೋಸ ಹೋಗುವವಳಲ್ಲ. ಇಷ್ಟು ವರ್ಷ ಬಾಳಿದರೂ ಆ ಮನುಷ್ಯನಿಗೆ ಅಷ್ಟು ತಿಳಿಯದು. ಆದ್ದರಿಂದ ನಿನ್ನೆಯಿಂದ ಉಟ್ಟಿದ್ದ ಸೀರೆಯನ್ನು ಮಡಿಸಿ ತಂದು ಹಾಜರುಪಡಿಸಿದ್ದೇನೆ. ಅದನ್ನು ಅವರ ಕೈಗೆ ಕೊಟ್ಟು, ಸಂಜೆ ಹಾಲು ಕರೆಯುವ ಹೊತ್ತಿಗೆ ಊರು ಸೇರುವಂತೆ ಕಳುಹಿಸಬೇಕು. ಅದರ ವಾಸನೆ ಹೋದಮೇಲೆ ಇನ್ನೊಂದಕ್ಕೆ ಅವರು ಬರಬಹುದು. ಹಿತ್ತಿಲಿನಿಂದ ಅಲ್ಲ, ಮುಂಬಾಗಿಲಿನಿಂದ.

ನಾನು ಹೇಳಿ ಬರೆಸಿದ್ದನ್ನು ಓದಿಸಿ ಕೇಳಿದೆ. ಹೆಚ್ಚು ಕಡಿಮೆ ಏನೂ ಇಲ್ಲ, ಎಲ್ಲವೂ ನಡೆದದ್ದೇ.

ಸ್ಥಳ: ಕೆ.ಆರ್.ಪೇಟೆ
ದಿನಾಂಕ: 12-11-1996
ಸಹಿ/- ಚಲುವಮ್ಮ