ರೈಲಿನ ಮೊಸರನ್ನ

…ಅಯ್ಯೋ, ಹಾಲು ಕೆಟ್ಟಿತ್ತು ಅಂತ ಒಂದು ಸಾಲು ಬರ್ದುಕೊಡು ಅಂದೆ, ಅಷ್ಟೇಯ! ತಪ್ಪಲೆ ಆಮ್ಯಾಲೆ ತಿಕ್ಕೀವಂತೆ. ಅನಸೂಯತ್ತೆ! ನಾನು ನಿನ್ನ ಅಣ್ಣನ ಮಗ ನಾಗೇಶ ಕಣತ್ತೆ, ಗೋಡೆ ಕೂಟೆ ಮಾತಾಡ್ತಾ ಕುಂತಿವ್ನಾ?

ಯಾಕೆ ಅಂಗೆ ಮೂಗು ಮುರೀತೀಯ? ಆಟ ಅಲ್ಲ ಇದು. ನಿನ್ನೆ ಮಧ್ಯಾಹ್ನದ ರೈಲಲ್ಲಿ ನಾನು ಮಾರಿದ ಮೊಸರನ್ನ ತಿಂದು ಒಬ್ಬ ಬಸುರಿ ಚನ್ನರಾಯಪಟ್ಟಣದ ಆಸ್ಪತ್ರೇಲಿ ಮಲಗವ್ಳೆ. ಡ್ರಿಪ್ ಆಕವ್ರೆ. ಪೊಟ್ಟಣದ ಮ್ಯಾಲೆ ಇರೋದು ನಿನ್ನ ಹೆಸರು. ನಾಳೆ ಫುಡ್ ಇನ್‌ಸ್ಪೆಕ್ಟ್ರು ಬಂದು ಕೇಳೋದೂ ನಿನ್ನನ್ನೇ. ಹಾಲಿನ ತಪ್ಪು ಅಂದ್ಬುಟ್ರೆ ಯಾರ್ಗೂ ಏನೂ ಆಗಕಿಲ್ಲ… ಊಂ, ನಿನ್ನ ಅಡುಗೆ ಒಂದಷ್ಟು ದಿನ ನಿಲ್ಲಿಸ್ಬೋದು. ಎಷ್ಟು ದಿನ… ನಂಗೇನು ಗೊತ್ತು!

ಗೊತ್ತು ಕಣತ್ತೆ, ಗೊತ್ತು. ಇಪ್ಪತ್ತು ವರ್ಸದಿಂದ ನಿನ್ನ ಕೈ ಅನ್ನ ತಿಂದು ಯಾರ್ಗೂ ಒಂದು ಉಳಿತೇಗು ಬಂದಿಲ್ಲ. ಶಾಂತಿಗ್ರಾಮದ ಹಾಲು, ನೀನೇ ನಿಂತು ಕಾಯ್ಸಿದ್ದು. ನಾನು ಇಲ್ಲ ಅಂದ್ನಾ? ಆದ್ರೆ ನನ್ನ ಪಾಡೂ ನೋಡು! ಉಳಿದ ಪೊಟ್ಟಣ ವಾಪಸ್ ತಂದ್ರೆ ಆ ರೈಲೂಟದ ಕಂಟ್ರಾಕ್ಟರ್ ನಟರಾಜ ಎಲ್ಲರ ಮುಂದೆ ಬಿಚ್ಚಿಸ್ತಾನೆ. ನನ್ನ ಕೈಲೇ ಕಸದ ಡಬ್ಬಕ್ಕೆ ಸುರಿಸ್ತಾನೆ. ಅನ್ನವ ಅತ್ತೆ, ಅನ್ನವ! 'ಇನ್ನೊಂದ್ಸಲ ಉಳಿಸ್ಕಂಡು ಬಂದ್ರೆ ರೈಲು ಅತ್ತಬ್ಯಾಡ' ಅಂದವ್ನೆ. ಉಡುಗ್ರು ಚಿಪ್ಸು ಕೇಳ್ತವೆ, ದೊಡ್ಡೋರು ಮನೆಯಿಂದ್ಲೇ ಬುತ್ತಿ ಕಟ್ಕಂಡು ಬತ್ತಾರೆ. ನಾನೇನು ಅವರ ಬಾಯಿಗೆ ತುರುಕ್ಲಾ?

ಅದ್ಕೇ ನಿನ್ನೆ ಗಂಟ್ಲು ಅರ್ಕಂಡು ಕೂಗ್ದೆ. ಎಲ್ಲಾ ಬೋಗಿನೂ ಎರಡೆರಡು ಸಲ ತಿರುಗ್ದೆ. ನಲವತ್ತೂ ಖಾಲಿ! ಒಂದೂ ವಾಪಸ್ ತರ್ಲಿಲ್ಲ…

ಯಾಕತ್ತೆ, ತಿಕ್ಕೋದು ನಿಲ್ಲಿಸ್ಬುಟ್ಟೆ?

…ಮೂವತ್ತು. ಊಂ. ನೀನು ಕೊಟ್ಟಿದ್ದು ಮೂವತ್ತೇಯ.

ಅಂಗೆ ನೋಡ್ಬ್ಯಾಡ. ಮಿಕ್ಕ ಹತ್ತು ಮೊನ್ನೇವು. ಎಲ್ಲಾ ಖರ್ಚಾದ್ವು ಅಂತ ನಟರಾಜನ್ಗೆ ಸುಳ್ಳೇಳಿ ಬಚ್ಚಿಟ್ಕಂಡಿದ್ದೆ, ಮಾರ್ಲೇಬೇಕಿತ್ತು. ಉಳಿ ಬಂದಿತ್ತು… ಒಸಿ. ಬಿಚ್ಚಿ, ಅಸೀ ಹಾಲು ಉಯ್ದು, ಕಿವುಚಿ, ಮ್ಯಾಲೆ ದಾಳಿಂಬೆ ಉದುರ್ಸಿ ತಿರ್ಗ ಕಟ್ದೆ. ಯಾಕೆ, ಉಳಿಯಾದ್ರೆ ನೀನೂ ಹಾಲು ಆಕಲ್ವಾ? ಆಕಲ್ವಾ ಏಳು!

…ಸರಿ. ನೀನು ರಾತ್ರೀದಕ್ಕೆ ಬೆಳಿಗ್ಗೆ ಆಕ್ತೀಯ. ಆಕಿ ನೀನೇ ಉಣ್ತೀಯ.

ಒಂಬತ್ತು ಖರ್ಚಾದ್ವು. ತಿಂದೋರು ಏನಾದ್ರೋ, ದೇವ್ರೇ ಬಲ್ಲ. ಕೊನೇದು ಉಳ್ಕಂತು. ಚನ್ನರಾಯಪಟ್ಟಣ ಅತ್ರ ಬತ್ತಿತ್ತು. ಆ ಎಣ್ಮಗ ಮೂಸಿ ನೋಡಿದ್ಲು. 'ಚೆನ್ನಾಗೈತಾ ಅಣ್ಣಾ? ಒಟ್ಟೇಲಿ ಕೂಸೈತೆ' ಅಂದ್ಲು. ಅದು ಮೊನ್ನೇದು ಅಂತ ನಂಗೆ ಗೊತ್ತಿತ್ತು ಅತ್ತೆ. ಗೊತ್ತಿದ್ದೂ… 'ಈವತ್ತೇ ಕಲಸಿದ್ದು ಕಣವ್ವಾ, ಉಣ್ಣು' ಅಂದೆ.

ನನ್ನ ಮುಂದೇನೇ ಬಿಚ್ಚಿದ್ಲು. ನಿಧಾನ್ಕೆ ತಿಂದ್ಲು. ಬ್ಯಾಡ ಅನ್ನಾಕೆ ಟೈಮಿತ್ತು ಅತ್ತೆ… ಬೇಕಾದಷ್ಟು ಟೈಮಿತ್ತು.