ವಲಾದರ ಮನೆಯ ಹೊಸಿಲು

ಅಲ್ಲ ಮದಾಮ್, ಹೊಸಿಲು ಕಲ್ಲು ಹುಡುಕ್ಕೊಂಡು ಯಾರಾದ್ರೂ ಸ್ಮಶಾನಕ್ಕೆ ಬರ್ತಾರಾ? ಯಾಕೆ ನಗ್ತೀರಿ? ಬಂದಿದ್ದೂ ಆಯ್ತಲ್ಲ, ಈ ಸೇವಂತಿಗೆ ಕುಂಡ ಸ್ವಲ್ಪ ಹಿಡ್ಕೊಳ್ಳಿ. ನಾಳೆ ಸತ್ತೋರ ಹಬ್ಬ. ಇಡೀ ಊರೇ ಬಂದು ಯಾರ ಗೋರಿ ಮೇಲೆ ಎಷ್ಟು ಹೂವಿದೆ ಅಂತ ಎಣಿಸತ್ತೆ. ನಮ್ಮ ಆನ್ಸೆಲ್ಮ್‌ದು ಬೋಳಾಗಿದ್ರೆ, ನೋಡಿ, ಈ ಲಿಯೊಂತೀನ್‌ಗೆ ಗಂಡ ಮರೆತೇಹೋದ ಅಂತಾರೆ.

ಹೊಸಿಲಾ... ನನಗೇನು ಗೊತ್ತು? ವಲಾದರ ಮನೆಯ ಕೊನೇ ಮುದುಕಿ ಹೋದ್ಮೇಲೆ ಹನ್ನೊಂದು ವರ್ಷ ಆ ಮನೆಗೆ ದಿಕ್ಕಿರ್ಲಿಲ್ಲ. ಹಳೇ ಸಾಮಾನಿನ ವ್ಯಾಪಾರಿಗಳು ಲಾರಿ ತಗೊಂಡು ಬಂದು ಬೆಂಕಿಗೂಡಿನ ಕಲ್ಲೇ ಕಿತ್ಕೊಂಡು ಹೋದ್ರು. ಹೊಸಿಲು ಬಿಡ್ತಾರಾ? ಕಳ್ಳರು. ಕೈ ಬಿದ್ದುಹೋಗ್ಲಿ ಅವರದ್ದು.

ಅಲ್ಲ, ನಿಮ್ಮ ಹಟ ಮೆಚ್ಕೋಬೇಕು. ನಾವು ಪ್ಲಾಸ್ಟಿಕ್ ಕಿಟಕಿ ಹಾಕ್ಸೋಕೆ ಜೀವ ಬಿಡ್ತೀವಿ. ನೀವು ಲಿಯೋನ್‌ನಿಂದ ಬಂದು, ಆ ಮನೆ ಕೊಂಡು, ಇದ್ದ ಪ್ಲಾಸ್ಟಿಕ್ ಕಿತ್ತು, ಗಾಳಿ ನುಗ್ಗೋ ಮರದ ಕಿಟಕಿ ಹಾಕ್ಸ್ತೀರಿ. ಸಿಮೆಂಟ್ ಕೆರೆದು ಸುಣ್ಣದ ಗಾರೆ... ಎಲ್ಲ ಮೊದಲಿದ್ದ ಹಾಗೇ ಆಗ್ಬೇಕು, ಅಲ್ವಾ? ಮೊದಲು ಹೇಗಿತ್ತು ಅಂತ ನನ್ನನ್ನ ಕೇಳಿ. ಚಳಿ ಇತ್ತು.

ಕುಂಡ ಕೊಡಿ ಇಲ್ಲಿ. ಮಧ್ಯಕ್ಕಿಡ್ತೀನಿ... ಏನ್ ನೋಡ್ತಿದ್ದೀರಿ? ಓ, ಗೋರಿ ಕಲ್ಲಿನ ಮಧ್ಯದ ಆ ಹಳ್ಳಾನಾ? ಮಳೆಗೆ ಸವೆದಿದೆ. ಆರು ವರ್ಷದ ಮಳೆಗೆ ಗ್ರಾನೈಟ್ ಸವೆಯತ್ತಾ ಅಂತ ಹುಬ್ಬು ಹಾರಿಸ್ಬೇಡಿ. ನಮ್ಮೂರ ಮಳೆ ನಿಮಗಿನ್ನೂ ಗೊತ್ತಿಲ್ಲ. ಆ ತುದೀಲಿರೋ ತೂತುಗಳಾ... ಹೂದಾನಿಗೆ ಅಂತ ಕೊರೆಸಿದ್ದು. ಎರಡು ಹೂದಾನಿ. ಇನ್ನೂ ತರಬೇಕು.

ಕುಂಡ ಯಾಕೆ ಪಕ್ಕಕ್ಕಿಡ್ತೀರಿ? ಈಗ ತಾನೇ ಇಟ್ಟೆ.

ಅದೇನು ಕೈಯಲ್ಲಿ, ಟೇಪಾ? ಸತ್ತೋನಿಗೆ ಅಳತೆ ತಗೋತೀರಾ? ಬೇಡ ಮದಾಮ್, ನೆಲ ಒದ್ದೆ ಇದೆ, ನಿಮ್ಮ ಕೋಟು ಹಾಳಾಗತ್ತೆ... ಎಷ್ಟು ಬಂತು?

ನಿಮ್ಮ ಬಾಗಿಲಿನ ಅಳತೆಗೆ ಸರಿಯಾಗಿ ಬಂತಾ?

...ಹೌದು, ಅದೇ ಹೊಸಿಲು, ಆ ತೂತುಗಳು ಬಾಗಿಲ ಚೌಕಟ್ಟಿನವು. ನಾನೇ ತಮ್ಮನ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸ್ದೆ. ಹಾಡಹಗಲಲ್ಲೇ. ಊರೆಲ್ಲ ನೋಡ್ತು, ಒಬ್ರೂ ಉಸಿರೆತ್ತಲಿಲ್ಲ. ಗಾರೆಯವನು ಹೇಳಿದ್ದ, ಮಗುಚಿ ಹಾಕೋಣ, ಸವೆದ ಮುಖ ಮಣ್ಣಿಗೆ ಹೋದ್ರೆ ಯಾರಿಗೂ ಗೊತ್ತಾಗಲ್ಲ ಅಂತ. ನಾನೇ ಬೇಡ ಅಂದೆ.

ನನ್ನ ಆನ್ಸೆಲ್ಮ್ ಹದಿನಾಲ್ಕಕ್ಕೆ ವಲಾದರ ಮನೆ ಕೂಲಿಗೆ ಸೇರಿದ್ದ. ಇಪ್ಪತ್ತೇಳು ವರ್ಷ. ದಿನಾ ಮಧ್ಯಾಹ್ನ ಈ ಕಲ್ಲಿನ ಮೇಲೆ ಕೂತೇ ಊಟ. ತಳದಲ್ಲಿ ಉಳಿದ ಸೂಪಿಗೆ ವೈನ್ ಸುರ್ಕೊಂಡು, ಬಟ್ಟಲೆತ್ತಿ ಕುಡಿದು, ಮೂತಿ ಒರೆಸ್ಕೊಂಡು ಎದ್ದು ಹೋಗೋನು. ಒಳಗಡೆ ಹನ್ನೆರಡು ಜನ ಕೂರೋ ಮೇಜಿತ್ತು. ಒಂದು ದಿನಾನೂ, ಹಿಮ ಬಿದ್ದ ದಿನ ಕೂಡ, ಒಳಗೆ ಬಾರೋ ಅನ್ಲಿಲ್ಲ. ಬೆಂಕಿಗೂಡು ಯಾವ ಕಡೆಗಿತ್ತು ಅಂತ ನೀವು ಕೇಳಿದ್ರಲ್ಲ ಮೊನ್ನೆ? ಅವನು ಬದುಕಿದ್ರೂ ಹೇಳೋಕಾಗ್ತಿರ್ಲಿಲ್ಲ. ನೋಡೇ ಇಲ್ಲ. ನನಗೆ ಸಿಟ್ಟು ಬಂತು ಮಗಳೇ. ಇನ್ನೂ ಇಳಿದಿಲ್ಲ.

ನಿಮ್ಮ ಕಲ್ಲು, ತಗೊಂಡ್ಹೋಗಿ. ಕಾಗದದಲ್ಲಿ ನಿಮ್ಮದೇ. ಒಂದೇ ಒಂದು ಮಾತು. ಈ ಅಂಚಲ್ಲಿ ಅವನ ಹೆಸರು ಕೆತ್ತಿಸಿದ್ದೀನಿ, ಕಾಣತ್ತಾ? ಬಾಗಿಲಿಗೆ ಕೂರಿಸೋವಾಗ ಆ ಅಂಚು ಮನೆ ಒಳಗಡೆಗೆ ಬರೋ ಹಾಗೆ ಹಾಕ್ಸಿ.